ಸಂಚಕಾರ ಇಸ್ಕೊಂಡೀನ್ರಿ

ಸಂಕ್ರಾಂತಿ ಹೊತ್ತಿಗೆ ಅಪ್ಪನ ಜೊತೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗಿದ್ದೆ. ಎತ್ತು ಕೊಳ್ಳಬೇಕಿತ್ತು. ಅಪ್ಪ ಒಂದು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದರು. ನಾಲ್ಕು ಹಲ್ಲು. ಸುಳಿ ನೋಡಿದರು, ಹತ್ತು ಹೆಜ್ಜೆ ನಡೆಸಿದರು. ಆಮೇಲೆ ದಲಾಲ ಕೈಮೇಲೆ ವಲ್ಲಿ, ಅಂದರೆ ಟವೆಲ್, ಮುಚ್ಚಿ, ಅದರ ಕೆಳಗೆ ಅಪ್ಪನ ಬೆರಳು ಹಿಡಿದ. ಬೆರಳಲ್ಲೇ ರೇಟು ಏರಿತು, ಇಳಿಯಿತು. ಪಕ್ಕದಲ್ಲಿ ನಿಂತವರಿಗೆ ಏನೂ ಗೊತ್ತಾಗಲಿಲ್ಲ. ಅಪ್ಪ 500 ರೂಪಾಯಿ ಸಂಚಕಾರ, ಅಂದರೆ ಮುಂಗಡ, ಕೊಟ್ಟರು. ಚೀಟಿ ಇಲ್ಲ, ಸಹಿ ಇಲ್ಲ.

ಅಷ್ಟರಲ್ಲಿ ಇನ್ನೊಬ್ಬರು ಬಂದು, ಎಷ್ಟಕ್ಕೇ ಮಾತಾಗಿರಲಿ, ಎರಡು ಸಾವಿರ ಜಾಸ್ತಿ ಕೊಡ್ತೀನಿ ಅಂದರು. ಮಾರುವ ರೈತ ಹೇಳಿದ್ದು ಇಷ್ಟೇ: "ಇಲ್ರೀ, ಸಂಚಕಾರ ಇಸ್ಕೊಂಡೀನ್ರಿ."

ನಾನು ಸಮಾಜಶಾಸ್ತ್ರ ಓದಿದವನು. ಮುಕ್ತ ಮಾರುಕಟ್ಟೆ ಅಂದರೆ ಬರೀ ಸ್ವಾರ್ಥ, ಅದು ನಮ್ಮ ವಿಷಯವೇ ಅಲ್ಲ ಅಂದುಕೊಂಡು ಬೆಳೆದೆ. ಅದು ತಪ್ಪು. ಸಮಾಜದ ಎಷ್ಟೋ ಏರ್ಪಾಡುಗಳು ಜನರೇ ಮಾಡಿದ್ದು, ಆದರೆ ಯಾರೂ ಮೊದಲೇ ಯೋಚಿಸಿ ಮಾಡಿದ್ದಲ್ಲ ಅಂತ ಸ್ಕಾಟ್ಲೆಂಡಿನ ಆ್ಯಡಮ್ ಫರ್ಗ್ಯುಸನ್ 1767ರಲ್ಲೇ ಬರೆದರು. ಅವರನ್ನು ಸಮಾಜಶಾಸ್ತ್ರದ ಹಿರಿಯರಲ್ಲಿ ಒಬ್ಬರು ಅಂತ ಓದುತ್ತೇವೆ. ಅದೇ ಮಾತನ್ನು ಹಿಡಿದು ಮುಂದೆ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ ಮಾರುಕಟ್ಟೆಯನ್ನು ವಿವರಿಸಿದರು. ವಲ್ಲಿಯ ಕೆಳಗಿನ ಬೆರಳ ಲೆಕ್ಕವನ್ನು ಯಾವ ಸರ್ಕಾರ ಮಾಡಿತ್ತು ಹೇಳಿ? ಇನ್ನು ಸಮಾಜಶಾಸ್ತ್ರದ ಮತ್ತೊಬ್ಬ ಹಿರಿಯ ಮ್ಯಾಕ್ಸ್ ವೆಬರ್ ಅಂತೂ 1894ರಲ್ಲಿ ಫ್ರೈಬರ್ಗ್‌ನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆದವರು.

ಆದರೆ ಆ ರೈತ ಯಾಕೆ ಮಾತು ಉಳಿಸಿಕೊಂಡ? ಅರ್ಥಶಾಸ್ತ್ರಜ್ಞ ಆ್ಯಡಮ್ ಸ್ಮಿತ್ ತಾವು ಪಾಠ ಮಾಡುತ್ತಿದ್ದ ತರಗತಿಯಲ್ಲಿ ಒಂದು ಉತ್ತರ ಕೊಟ್ಟಿದ್ದರು: ದಿನಕ್ಕೆ 20 ಕರಾರು ಮಾಡುವವನಿಗೆ ಮೋಸದಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ. ದಲಾಲನಿಗೆ ಇದು ಸರಿ. ಆದರೆ ಈತ ಎತ್ತು ಮಾರುವುದು ಐದಾರು ವರ್ಷಕ್ಕೊಮ್ಮೆ. ಎರಡು ಸಾವಿರ ಅವನಿಗೆ ಸಣ್ಣ ದುಡ್ಡಲ್ಲ. ಇಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ ಬೇಕಾಗುತ್ತಾರೆ. ಕರಾರಿನಲ್ಲಿ ಇರುವುದೆಲ್ಲ ಕರಾರಿನಿಂದಲೇ ಬಂದದ್ದಲ್ಲ ಅಂತ 1893ರಲ್ಲಿ ಬರೆದರು. ಅದರ ಹಿಂದೆ ರೂಢಿ ಇರುತ್ತದೆ, ನಾಲ್ಕು ಜನರ ಮುಂದಿನ ನಾಚಿಕೆ ಇರುತ್ತದೆ.

ರೈತರ ಮಾರುಕಟ್ಟೆ ಮುಕ್ತವಾಗಲಿ, ನಾನೂ ಒಪ್ಪುತ್ತೇನೆ. ಆದರೆ ಈ ನಾಚಿಕೆ ಎಲ್ಲಿಯವರೆಗೆ ತಲುಪುತ್ತದೆ? ಎರಡು ವರ್ಷದ ಹಿಂದೆ ಹೊರಗಿನ ವ್ಯಾಪಾರಿಯೊಬ್ಬರು ನಮ್ಮ ಒಣದ್ರಾಕ್ಷಿ ತುಂಬಿಕೊಂಡು ಹೋದರು. ಅರ್ಧ ದುಡ್ಡು ಇನ್ನೂ ಬಂದಿಲ್ಲ. ಅಪ್ಪ ಫೋನ್ ಮಾಡಿ ಮಾಡಿ ಸುಮ್ನಾದರು. ಅಂದು ಚೀಟಿ ಇತ್ತು, ಸಹಿಯೂ ಇತ್ತು. ಅವರದು ಯಾವ ಊರು ಅಂತ ಮಾತ್ರ ನಮಗೆ ಗೊತ್ತಿರಲಿಲ್ಲ.