ಡ್ಯಾನ್ ಹೋದ ಮೇಲಿನ ಯೂನಿಯನ್ ಸ್ಟೇಷನ್

ಡ್ಯಾನ್ ಟಿಮಿನ್‌ಸ್ಕಿ ಇಲ್ಲದ ಮೇಲೆ ಅದೆಂಥ ಯೂನಿಯನ್ ಸ್ಟೇಷನ್? ಯೂನಿಯನ್ ಸ್ಟೇಷನ್ ಅಂದರೆ ಅಮೆರಿಕದ ಗಾಯಕಿ ಅಲಿಸನ್ ಕ್ರೌಸ್ ಅವರ ಬ್ಲೂಗ್ರಾಸ್ ತಂಡ, ಡ್ಯಾನ್ ಅದರಲ್ಲಿ ಬಹುಕಾಲ ಹಾಡಿದವರು. ಅವರಿಲ್ಲದೆ ತಂಡದ 'ಆರ್ಕೇಡಿಯಾ' ಆಲ್ಬಂ ಬಂದಾಗಿನಿಂದ ಬ್ಲೂಗ್ರಾಸ್ ಕೇಳುವ ಗೆಳೆಯರು ಈ ಮಾತು ಎತ್ತುತ್ತಲೇ ಇದ್ದಾರೆ. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬಿಡುವಾದಾಗ ಓದಿ.

ಈ ಸಂಗೀತದ ಪರಿಚಯ ಇಲ್ಲದವರಿಗಾಗಿ ಮೊದಲು ಒಂದೆರಡು ಮಾತು. ಬ್ಲೂಗ್ರಾಸ್ ಹುಟ್ಟಿದ್ದು ಅಮೆರಿಕದಲ್ಲಿ, ಕೆಂಟಕಿ, ಟೆನೆಸಿ, ಉತ್ತರ ಕೆರೊಲಿನಾ ಕಡೆಯವರ ಹಾಡುಗಾರಿಕೆಯಿಂದ. ಗಿಟಾರ್, ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ಆಳೆತ್ತರದ ಬಾಸ್. ಕೆಲವು ತಂಡಗಳಲ್ಲಿ ಡೋಬ್ರೊ ಎಂಬ ಗಿಟಾರ್ ಥರದ ವಾದ್ಯ ಕೂಡ. ಸಾಮಾನ್ಯವಾಗಿ ಡ್ರಮ್ಸ್ ಇರುವುದಿಲ್ಲ, ಎಲೆಕ್ಟ್ರಿಕ್ ಗಿಟಾರ್ ಇರುವುದಿಲ್ಲ. ಲಯ ಹಿಡಿಯುವ ಕೆಲಸ ಬಾಸ್ ಮತ್ತು ಮ್ಯಾಂಡೊಲಿನ್ ಪಾಲಿಗೆ ಬರುತ್ತದೆ. ಬಾಸ್ 'ದುಂ' ಅಂದ ಕೂಡಲೇ ಮ್ಯಾಂಡೊಲಿನ್ 'ಚಕ್' ಅನ್ನಬೇಕು. ತಂತಿಗಳನ್ನು ಒಮ್ಮೆಲೇ ಹೊಡೆದು, ಮರುಕ್ಷಣ ಎಡಗೈ ಬೆರಳು ಸಡಿಲಿಸಿ ನಾದ ಅಡಗಿಸಿದರೆ ಆ 'ಚಕ್' ಬರುತ್ತದೆ. ಒಬ್ಬರ ಸರದಿ ಬಂದಾಗ ಅವರು ಒಂದು ಹೆಜ್ಜೆ ಮುಂದೆ ಬಂದು ನುಡಿಸುತ್ತಾರೆ, ಮಿಕ್ಕವರು ದನಿ ತಗ್ಗಿಸುತ್ತಾರೆ. ಎಲ್ಲರಿಗೂ ಸೇರಿ ಒಂದೇ ಮೈಕ್ ಇದ್ದ ಕಾಲದಿಂದ ಬಂದ ರೂಢಿ ಇದು. ಮುಂದೆ ಬರೋದು ಎಷ್ಟು ಮುಖ್ಯವೋ, ಸರಿಯಾದ ಹೊತ್ತಿಗೆ ಹಿಂದೆ ಸರಿಯೋದೂ ಅಷ್ಟೇ ಮುಖ್ಯ.

ಇದನ್ನೆಲ್ಲ ಒಂದು ಹದಕ್ಕೆ ತಂದವರು ಬಿಲ್ ಮನ್ರೋ. ಕೆಂಟಕಿಯ ರೋಸೀನ್ ಎಂಬ ಸಣ್ಣ ಊರಿನವರು. ಅವರ ತಂಡದ ಹೆಸರು ಬ್ಲೂ ಗ್ರಾಸ್ ಬಾಯ್ಸ್, ಅದೇ ಹೆಸರು ಇಡೀ ಸಂಗೀತಕ್ಕೆ ನಿಂತಿತು. ಆ ತಂಡದಲ್ಲಿ 1945ರ ಕೊನೆಯಿಂದ 1948ರವರೆಗೆ ಲೆಸ್ಟರ್ ಫ್ಲ್ಯಾಟ್, ಅರ್ಲ್ ಸ್ಕ್ರಗ್ಸ್ ಒಟ್ಟಿಗೆ ಇದ್ದರು. ಮೂರು ಬೆರಳಲ್ಲಿ ಮಳೆ ಸುರಿದ ಹಾಗೆ ಬ್ಯಾಂಜೊ ನುಡಿಸುವ ಸ್ಕ್ರಗ್ಸ್ ಶೈಲಿ ಮನೆಮಾತಾದದ್ದು ಆಗಲೇ. ಇಬ್ಬರೂ ಬಿಟ್ಟು ಹೋಗಿ ತಮ್ಮದೇ ತಂಡ ಕಟ್ಟಿದರು. ಮನ್ರೋಗೆ ತುಂಬಾ ಸಿಟ್ಟು ಬಂತು. ಆದರೆ ತಂಡ ಮುಚ್ಚಲಿಲ್ಲ. ಹೊಸಬರನ್ನು ಕರೆತಂದರು, ಅವರು ಹೋದರೆ ಇನ್ನೊಬ್ಬರು. 1996ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ನೂರಕ್ಕೂ ಹೆಚ್ಚು ಜನ ಆ ತಂಡದಲ್ಲಿ ನುಡಿಸಿ ಹೋಗಿದ್ದರು. ಹಾಗಿರುವಾಗ ಒಬ್ಬ ಗಾಯಕ ಹೋದ ಅಂತ ಬ್ಲೂಗ್ರಾಸ್ ತಂಡದ ಕತೆ ಮುಗಿಯಿತು ಅಂದರೆ ಹೇಗೆ ಒಪ್ಪೋದು?

ಇನ್ನು ಅಲಿಸನ್ ಕ್ರೌಸ್ ವಿಷಯ. ಅವರ ದನಿ ಗೊತ್ತಿಲ್ಲದವರು ಕಡಿಮೆ. 27 ಗ್ರ್ಯಾಮಿ ಗೆದ್ದವರು. ಆದರೆ ಹೆಚ್ಚಿನವರು ಅವರ ಹೆಸರಿಗೇ ನಿಲ್ಲಿಸಿಬಿಡುತ್ತಾರೆ, ಜೊತೆಗಿರುವ 'ಯೂನಿಯನ್ ಸ್ಟೇಷನ್' ಅನ್ನುವುದನ್ನು ಸುಮ್ನೆ ಬಾಲ ಅಂದುಕೊಳ್ಳುತ್ತಾರೆ. ಬಾಸ್‌ನ ಬ್ಯಾರಿ ಬೇಲ್ಸ್, ಬ್ಯಾಂಜೊ ಮತ್ತು ಗಿಟಾರಿನ ರಾನ್ ಬ್ಲಾಕ್ 1990ರ ದಶಕದ ಶುರುವಿನಿಂದ ಜೊತೆಗಿದ್ದಾರೆ. ಡೋಬ್ರೊದ ಜೆರಿ ಡಗ್ಲಸ್ 1998ರಲ್ಲಿ ಸೇರಿದರು. ಕ್ರೌಸ್ ಅಷ್ಟು ಮೆತ್ತಗೆ, ಪಿಸುಮಾತಿನ ಹಾಗೆ ಹಾಡೋಕೆ ಆಗುತ್ತೆ ಅಂದರೆ ಇವರು ನಾಲ್ಕು ಕಡೆಯಿಂದ ಜಾಗ ಬಿಟ್ಟುಕೊಡುವುದರಿಂದ. ಎಲ್ಲಿ ನುಡಿಸಬಾರದು ಅಂತ ಗೊತ್ತಿರುವ ವಾದಕರು ಇವರು.

2011ರ ನಂತರ ಈ ತಂಡದಿಂದ ಹೊಸ ಆಲ್ಬಂ ಬಂದಿರಲಿಲ್ಲ. ನಡುವೆ ಕ್ರೌಸ್ ಸೋಲೋ ಆಲ್ಬಂ ಮಾಡಿದರು, ರಾಕ್ ಗಾಯಕ ರಾಬರ್ಟ್ ಪ್ಲಾಂಟ್ ಜೊತೆ ಹಾಡಿದರು, ಮಿಕ್ಕವರೂ ಅವರವರ ಕೆಲಸದಲ್ಲಿದ್ದರು. 2025ರ ಮಾರ್ಚ್ 28ಕ್ಕೆ 'ಆರ್ಕೇಡಿಯಾ' ಬಂತು. ಹತ್ತು ಹಾಡು, ಅಷ್ಟೇ. ಕ್ರೌಸ್ ಕೆಲಸ ಮಾಡುವ ರೀತಿಯೇ ಹಾಗೆ. ಆಲ್ಬಂ ಶುರು ಮಾಡಿಕೊಡುವ ಮೊದಲ ಹಾಡೊಂದು ಕೈಗೆ ಸಿಗಬೇಕು, ಆಮೇಲೆ ಮಿಕ್ಕಿದ್ದು ಕೂಡಿಬರುತ್ತದೆ. 14 ವರ್ಷ ಜಾಸ್ತಿ ಆಯ್ತು ಅನ್ನುವವರಿದ್ದಾರೆ. ವಾರಕ್ಕೊಂದು ಹಾಡು ಬಿಡುವ ಈ ಕಾಲದಲ್ಲಿ ಇಷ್ಟು ಕಾಯುವ ತಾಳ್ಮೆ ಇರುವವರ ಬಗ್ಗೆ ನನಗಂತೂ ಗೌರವ ಹೆಚ್ಚಾಯಿತು.

ಇಲ್ಲೊಂದು ಸಂಗತಿ ಹೇಳಲೇಬೇಕು. ಕ್ರೌಸ್ 14ನೇ ವಯಸ್ಸಿಗೆ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು ರೌಂಡರ್ ರೆಕಾರ್ಡ್ಸ್ ಜೊತೆ. 1970ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಮೂವರು ಗೆಳೆಯರು ಸೇರಿ ಕಟ್ಟಿದ ಕಂಪನಿ. ಮುಂದೆ ಅವರು ಅದನ್ನು ಮಾರಿದರು. ಆಮೇಲೆ ಡೌನ್ ದ ರೋಡ್ ಎಂಬ ಸಣ್ಣ ಕಂಪನಿ ಮತ್ತೆ ಶುರು ಮಾಡಿದರು. 'ಆರ್ಕೇಡಿಯಾ' ಬಂದಿರುವುದು ಅಲ್ಲಿಂದ. ದೊಡ್ಡ ಹೆಸರಾದ ಮೇಲೂ ತನ್ನನ್ನು ಮೊದಲು ನಂಬಿದವರ ಬಳಿ ವಾಪಸ್ ಹೋದದ್ದು ನನಗೆ ಬಹಳ ಹಿಡಿಸಿತು.

ಈಗ ಡ್ಯಾನ್ ಜಾಗಕ್ಕೆ ಬಂದ ರಸೆಲ್ ಮೂರ್. ಇವರೇನು ಹೊಸ ಹುಡುಗ ಅಲ್ಲ. 1991ರಿಂದ ಥರ್ಡ್ ಟೈಮ್ ಔಟ್ ಎಂಬ ತಂಡ ಕಟ್ಟಿ ಬೆಳೆಸಿದವರು, ಬ್ಲೂಗ್ರಾಸ್ ಲೋಕದ ವರ್ಷದ ಗಾಯಕ ಪ್ರಶಸ್ತಿಯನ್ನು ಹಲವು ಸಲ ಪಡೆದವರು. ಡ್ಯಾನ್ ದನಿಯಲ್ಲಿ ಒಂದು ಒರಟುತನ ಇದೆ. 2000ದಲ್ಲಿ ಬಂದ ಹಾಲಿವುಡ್ ಸಿನಿಮಾವೊಂದರಲ್ಲಿ ಜಾರ್ಜ್ ಕ್ಲೂನಿ ಬರೀ ತುಟಿ ಆಡಿಸಿದ್ದು, ದನಿ ಡ್ಯಾನ್‌ದು. ಆ ದನಿಗೆ ಜಗತ್ತೇ ಮರುಳಾಯಿತು. ಮೂರ್ ದನಿ ಬೇರೆ ಥರ. ತಿಳಿಯಾಗಿದೆ, ಮೇಲಕ್ಕೆ ಸಲೀಸಾಗಿ ಏರುತ್ತದೆ. ಡ್ಯಾನ್ ಥರ ಹಾಡೋಕೆ ಅವರು ಹೋಗಿಲ್ಲ, ಅದಕ್ಕೇ ಈ ಆಲ್ಬಂ ಗೆದ್ದಿತು.

ಅವರು ಹಾಡಿದ 'ಗ್ರಾನೈಟ್ ಮಿಲ್ಸ್' ಕೇಳಿದರೆ ನಾನು ಹೇಳುವುದು ಗೊತ್ತಾಗುತ್ತೆ. ಅದು ನಡೆದ ಘಟನೆ. ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್ ಆಗ ಹತ್ತಿ ಗಿರಣಿಗಳ ಊರು. 1874ರ ಸೆಪ್ಟೆಂಬರ್ 19, ಶನಿವಾರ ಬೆಳಗ್ಗೆ ಗ್ರಾನೈಟ್ ಗಿರಣಿಗೆ ಬೆಂಕಿ ಬಿತ್ತು. ಮೇಲಿನ ಮಹಡಿಗಳಲ್ಲಿ ಕೆಲಸಕ್ಕಿದ್ದವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ಮೆಟ್ಟಿಲಿನ ದಾರಿ ಹೊಗೆ, ಬೆಂಕಿಯಿಂದ ಮುಚ್ಚಿಹೋಯಿತು. ಕಿಟಕಿಯಿಂದ ಹಾರಿದವರೂ ಇದ್ದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಇಂಥ ಹಾಡನ್ನು ಅತ್ತುಕೊಂಡು ಹಾಡಿ ಕೆಡಿಸುವುದು ಬಹಳ ಸುಲಭ. ಮೂರ್ ಹಾಗೆ ಮಾಡುವುದಿಲ್ಲ. ಕಣ್ಣಾರೆ ಕಂಡವನು ನೆರೆಯವರಿಗೆ ಹೇಳುವ ಹಾಗೆ, ಒಂದಾದ ಮೇಲೊಂದು ಹೇಳುತ್ತಾ ಹೋಗುತ್ತಾರೆ. ಸ್ಪೀಕರ್‌ನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಂಡು ಕೇಳಿ. ಆ ಮಕ್ಕಳು ಯಾರೂ ನಮ್ಮವರಲ್ಲ, 150 ವರ್ಷ ಹಿಂದಿನ ಮಾತು. ಆದರೂ ಹಾಡು ಮುಗಿದ ಮೇಲೆ ಮುಂದಿನ ಹಾಡಿಗೆ ಹೋಗೋಕೆ ನನಗೆ ಮನಸ್ಸೇ ಬರಲಿಲ್ಲ.

ಜೆರಿ ಡಗ್ಲಸ್ ಬಗ್ಗೆ ಹೇಳದೆ ಇದನ್ನು ಮುಗಿಸೋಕೆ ಆಗಲ್ಲ. ಡೋಬ್ರೊ ನೋಡೋಕೆ ಗಿಟಾರ್ ಥರ, ಆದರೆ ಅಂಗಾತ ಹಿಡಿದು ನುಡಿಸುವುದು. ಎಡಗೈಯಲ್ಲಿ ಉಕ್ಕಿನ ತುಂಡು, ಅದನ್ನು ತಂತಿ ಮೇಲೆ ಜಾರಿಸಬೇಕು. ಬಲಗೈ ಬೆರಳಿಗೆ ಉಗುರಿನಂಥ ಪಿಕ್. ಒಳಗೆ ತೆಳು ಲೋಹದ ಬಟ್ಟಲು ಇರುತ್ತದೆ, ದನಿ ಜೋರಾಗಿ ಕೇಳಲಿ ಅಂತ. 1920ರ ದಶಕದ ಕೊನೆಗೆ, ಎಲೆಕ್ಟ್ರಿಕ್ ಗಿಟಾರ್ ಬರುವ ಮುಂಚೆ, ಸ್ಲೋವಾಕಿಯಾ ಮೂಲದ ಡೋಪ್ಯೆರಾ ಸಹೋದರರು ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಮಾಡಿದರು. ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡದ್ದೂ ಇದೇ ಕಾರಣಕ್ಕೆ ಅಲ್ವಾ? ಮೈಕ್ ಇಲ್ಲದ ಸಭೆಯಲ್ಲಿ ಕೊನೆ ಸಾಲಿನವರಿಗೂ ಕೇಳಬೇಕಿತ್ತು. ಡಗ್ಲಸ್‌ಗೆ ನಮ್ಮ ಸಂಗೀತ ಹೊಸದಲ್ಲ. 1990ರ ದಶಕದಲ್ಲೇ ಅವರು ಮೋಹನವೀಣೆಯ ವಿಶ್ವಮೋಹನ ಭಟ್ ಜೊತೆ ಕೂತು ಆಲ್ಬಂ ಮಾಡಿದ್ದಾರೆ. ಕ್ರೌಸ್ ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಡಗ್ಲಸ್ ಒಂದೇ ಒಂದು ಸ್ವರವನ್ನು ಕೆಳಗಿನಿಂದ ಎಳೆದು ಮೇಲೆ ನಿಲ್ಲಿಸುತ್ತಾರೆ. ಹಿಂದುಸ್ತಾನಿ ಕೇಳುವವರು ಅದನ್ನು ಮೀಂಡ್ ಅಂತಲೇ ಗುರುತಿಸಿಯಾರು.

ಆಲ್ಬಂ ಬಂದ ಮೇಲೆ 2025ರ ಏಪ್ರಿಲ್‌ನಲ್ಲಿ ಕೆಂಟಕಿಯ ಲೂಯಿವಿಲ್‌ನಿಂದ ಟೂರ್ ಶುರುವಾಯಿತು. 2015ರ ನಂತರ ಈ ತಂಡ ಒಟ್ಟಿಗೆ ಊರೂರು ಸುತ್ತಿದ್ದು ಇದೇ ಮೊದಲು. ಪಿಟೀಲಿಗೆ ಸ್ಟುವರ್ಟ್ ಡಂಕನ್ ಜೊತೆಯಾದರು. ಹೊಸಬರಿಗೆ ನಿಜವಾದ ಪರೀಕ್ಷೆ ಸ್ಟುಡಿಯೋದಲ್ಲಲ್ಲ, ಇಲ್ಲಿ. ಹಳೆ ಹಾಡಿನಲ್ಲಿ ಡ್ಯಾನ್ ಹಾಡುತ್ತಿದ್ದ ಎರಡನೇ ದನಿಯನ್ನು ಅಭಿಮಾನಿಗಳು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಮೂರು ದನಿ ಸೇರುವ ಕಡೆ ಎಲ್ಲರ ಮಾತು ಒಂದೇ ಕ್ಷಣಕ್ಕೆ ಶುರುವಾಗಿ ಒಂದೇ ಕ್ಷಣಕ್ಕೆ ನಿಲ್ಲಬೇಕು. ಒಬ್ಬರು ಚೂರು ಎಳೆದರೂ ಗೊತ್ತಾಗಿಬಿಡುತ್ತದೆ. ದಿನಾ ಅದನ್ನು ಮಾಡಿಕೊಂಡು, ಜೊತೆಗೆ ತನ್ನ ಹಾಡುಗಳನ್ನೂ ಒಪ್ಪಿಸಬೇಕು. ಅಂಥವರನ್ನು ಹಳಬರ ಜೊತೆ ತೂಗಿ ನೋಡುತ್ತಾ ಕೂತರೆ ನಷ್ಟ ಕೇಳುವವರಿಗೇ.

ಡ್ಯಾನ್ ಅಭಿಮಾನಿಗಳೇ, ನಿಮ್ಮ ಬೇಜಾರು ನನಗೂ ಗೊತ್ತು. ನಾನೂ ಆ ದನಿಯ ಅಭಿಮಾನಿಯೇ. ಅವರೇನೂ ಹಾಡು ಬಿಟ್ಟು ಕೂತಿಲ್ಲ. ತಮ್ಮದೇ ಬ್ಯಾಂಡ್ ಕಟ್ಟಿ 2023ರಲ್ಲಿ ಆಲ್ಬಂ ತಂದರು, ಅಪ್ಪಟ ಬ್ಲೂಗ್ರಾಸ್. ಅದನ್ನೂ ಹುಡುಕಿ ಕೇಳಿ. ಒಂದು ತಂಡ ಇದ್ದ ಕಡೆ ಈಗ ಎರಡಿವೆ.