ಬಾಲ್ ಹಾಕುವ ಮೊದಲೇ ಔಟ್

ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ಟನ್ನು ನಮ್ಮ ಸೋದರಮಾವ ನೋಡಿದ್ದು ರೇಡಿಯೋದಲ್ಲಿ. ರೇಡಿಯೋದಲ್ಲಿ ಹೇಗೆ ಮಾವ ನೋಡೋದು ಅಂತ ಕೇಳಿದರೆ, "ಜನ ಕೂಗೋ ಸದ್ದಲ್ಲೇ ಗೊತ್ತಾಗ್ತಿತ್ತು ಕಣೋ, ನಿಮ್ಮ ಥರ ರೀಪ್ಲೇ ಬೇಕಿರಲಿಲ್ಲ" ಎನ್ನುತ್ತಿದ್ದರು. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ವಿಶ್ವನಾಥ್ ಔಟಾಗದೆ 97 ಹೊಡೆದರಲ್ಲ, ಅದನ್ನಂತೂ ತಾವೇ ಅಂಪೈರ್ ಆಗಿದ್ದವರಂತೆ ವರ್ಣಿಸುತ್ತಿದ್ದರು. ಇಡೀ ಭಾರತ ಸೇರಿ ಮಾಡಿದ್ದು 190. ಇನ್ನು ಮೂರು ರನ್ ಬಂದಿದ್ದರೆ ಸೆಂಚುರಿ. ಆದರೆ ಕೊನೇ ಬ್ಯಾಟ್ಸ್‌ಮನ್ ಔಟ್. ಆತನನ್ನು ಬಾಯ್ತುಂಬ ಬೈಯೋಣ ಅಂದರೆ ಅವರೂ ನಮ್ಮ ಚಂದ್ರಶೇಖರ್! ಮಾವನ ಆ ಸಿಟ್ಟು ಕೊನೆತನಕ ಹೊರಬರದೆ ಹೊಟ್ಟೆಯಲ್ಲೇ ಉಳಿಯಿತು.

ಅದೇ ವರ್ಷ ಜೂನಿನಲ್ಲಿ, ಮೊದಲ ವಿಶ್ವಕಪ್ಪಿನ ಮೊದಲ ದಿನ, ಲಾರ್ಡ್ಸ್‌ನಲ್ಲಿ ಗಾವಸ್ಕರ್ 60 ಓವರ್ ಪೂರ್ತಿ ನಿಂತು 174 ಬಾಲಿಗೆ 36 ರನ್ ಮಾಡಿದರು. ಔಟಾಗಲಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ಚಿನ್ನಸ್ವಾಮಿಗೆ ಬಂದ ಹೈದರಾಬಾದಿನವರು 20 ಓವರಿಗೆ 287 ಬಾರಿಸಿದರು. ನಮ್ಮ ಆರ್‌ಸಿಬಿ 262 ಮಾಡಿ ಸೋತಿತು. 262 ಮಾಡಿ ಸೋಲೋದು! ಮಾವ ಇದ್ದಿದ್ದರೆ ಸ್ಕೋರ್ ಹೇಳಿದವನ ಕಿವಿ ಹಿಂಡುತ್ತಿದ್ದರು.

ಆಟ ಇಷ್ಟು ಫಾಸ್ಟ್ ಆಗಿದೆ. ನನ್ನ ಪಾಲಿಗೆ ಸುದ್ದಿ ತಲುಪೋದು ಮಾತ್ರ ಆಗಲೂ ಲೇಟು, ಈಗಲೂ ಲೇಟು.

1996ರ ಮಾರ್ಚ್. ಬೆಂಗಳೂರಲ್ಲಿ ಪಾಕಿಸ್ತಾನದ ಜೊತೆ ವಿಶ್ವಕಪ್ ಕ್ವಾರ್ಟರ್ ಫೈನಲ್. ನಮ್ಮ ಊರಿನಲ್ಲಿ ಟಿವಿಗಿಂತ ಆಂಟೆನಾ ಮುಖ್ಯ, ಆಂಟೆನಾಕ್ಕಿಂತ ಅದನ್ನು ತಿರುಗಿಸುವ ಹುಡುಗ ಮುಖ್ಯ. ಆ ಹುಡುಗ ನಾನು. ಕತ್ತಲಲ್ಲಿ ಹೆಂಚಿನ ಮೇಲೆ ಕೂತು ಪೈಪು ಹಿಡಿದುಕೊಂಡಿದ್ದೆ. ಕೆಳಗೆ ಅರ್ಧ ಬೀದಿ ನಮ್ಮ ಮನೆಯಲ್ಲೇ ಇತ್ತು. "ಬಂತಾ?" ಅಂದರೆ "ಬಂತು, ಅಲ್ಲೇ ಇರ್ಲಿ" ಎಂಬ ಉತ್ತರ. ಆಮೀರ್ ಸೊಹೈಲ್ ಫೋರ್ ಹೊಡೆದು, ವೆಂಕಟೇಶ್ ಪ್ರಸಾದ್‌ಗೆ ಬ್ಯಾಟ್ ತೋರಿಸಿ ಏನೋ ಅಂದನಂತೆ. ನನಗೆ ಗೊತ್ತಾಗಬೇಕಲ್ಲ? ಮುಂದಿನ ಬಾಲಿಗೆ ಕೆಳಗಿಂದ ಒಟ್ಟಿಗೇ ಕೂಗು: "ಹೋಯ್ತು! ಹೋಯ್ತು! ಹೋಯ್ತು!"

ಚಿತ್ರ ಹೋಯಿತು ಅಂತ ತಿಳಿದು ನಾನು ಆಂಟೆನಾವನ್ನು ಜೋರಾಗಿ ತಿರುಗಿಸಿದೆ. ಆಗ ನಿಜವಾಗಿ ಹೋಯಿತು. ಹಾರಿದ ಆಫ್ ಸ್ಟಂಪು, ಪ್ರಸಾದ್ ಬೀಳ್ಕೊಟ್ಟ ರೀತಿ, ಇಡೀ ದೇಶ ಮತ್ತೆ ಮತ್ತೆ ನೋಡಿದ ಆ ರೀಪ್ಲೇ ನಮ್ಮ ಬೀದಿಗೆ ಮಾತ್ರ ಸಿಗಲಿಲ್ಲ. ಭಾರತ ಗೆದ್ದಿತು. ನನ್ನನ್ನು ಹೆಂಚಿನಿಂದ ಇಳಿಯಲು ಬಿಟ್ಟದ್ದು ಆಮೇಲೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಟೈಟನ್ ಕಪ್. ಮತ್ತೆ ಚಿನ್ನಸ್ವಾಮಿ, ಎದುರಿಗೆ ಆಸ್ಟ್ರೇಲಿಯಾ. ಸಚಿನ್ 88ಕ್ಕೆ ಔಟಾದರು. ಸ್ಕೋರ್ ಎಂಟು ವಿಕೆಟಿಗೆ 164, ಬೇಕಿದ್ದದ್ದು 216. ಸಚಿನ್ ಔಟಾದರೆ ಟಿವಿ ಆರಿಸುವುದು ಆಗ ಒಂದು ರಾಷ್ಟ್ರೀಯ ಪದ್ಧತಿ, ಅಪ್ಪ ಪದ್ಧತಿ ಮುರಿಯುವವರಲ್ಲ. ನಾವು ಊಟಕ್ಕೆ ಕೂತೆವು. ಆ ಕಡೆ ಶ್ರೀನಾಥ್ ಮತ್ತು ಕುಂಬ್ಳೆ ಇಬ್ಬರೇ ಬಾಕಿ ರನ್ ಬಾರಿಸಿ ಗೆಲ್ಲಿಸಿಬಿಟ್ಟರು. ಪಟಾಕಿ ಸದ್ದಿಗೆ ಅಮ್ಮ, "ದೀಪಾವಳಿ ಇನ್ನೂ ಇದೆಯಲ್ಲ?" ಅಂದರು. ಕುಂಬ್ಳೆಯ ತಾಯಿ ಸ್ಟೇಡಿಯಂನಲ್ಲೇ ಕೂತು ನೋಡುತ್ತಿದ್ದರು. ಹೆತ್ತವರೇ ಎದ್ದು ಹೋಗಿರಲಿಲ್ಲ, ನಮಗೇನು ಅವಸರವಿತ್ತೋ!

ನಂಬಿಕೆಗಳೂ ಬದಲಾದವು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಕುಂಬ್ಳೆ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದಾಗ ನಮ್ಮ ಮನೆಯಲ್ಲಿ ಯಾರೂ ಕೂತ ಜಾಗ ಬಿಡುವಂತಿರಲಿಲ್ಲ. ಬಚ್ಚಲಿಗೆ ಹೋಗಲು ಎದ್ದ ಚಿಕ್ಕಪ್ಪನನ್ನು ಮತ್ತೆ ಕೂರಿಸಿದ್ದೆವು. ಕೊನೇ ವಿಕೆಟ್ ಗೆಳೆಯನಿಗೇ ಸಿಗಲಿ ಅಂತ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ಆಚೆ ಬಾಲ್ ಹಾಕಿದರು. ಈ ಕಥೆಯನ್ನು ಅಕ್ಕನ ಮಗನಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರೆ, "ಶ್ರೀನಾಥ್ ನನ್ನ ಫ್ಯಾಂಟಸಿ ಟೀಮಲ್ಲಿದ್ದಿದ್ರೆ ಪಾಯಿಂಟ್ ಹೋಗ್ತಿತ್ತು ಮಾಮ" ಎಂದ. ಒಮ್ಮೆ ಕೊಹ್ಲಿ ಔಟಾದಾಗ ಇದೇ ಹುಡುಗ ಎದ್ದು ಕುಣಿದಿದ್ದ. ಆ ಬೌಲರ್ ಅವನು ಮೊಬೈಲ್ ಆಟದಲ್ಲಿ ಕಟ್ಟಿಕೊಂಡ ಟೀಮಿನ ಕ್ಯಾಪ್ಟನ್ ಅಂತೆ.

ಅವನನ್ನು ಬೈದು ಪ್ರಯೋಜನವಿಲ್ಲ, ಈಗ ಯಾರು ನಮ್ಮವರು ಅನ್ನೋದೇ ಗೋಜಲು. 2008ರಲ್ಲಿ ಐಪಿಎಲ್‌ನ ಮೊದಲ ಪಂದ್ಯದಲ್ಲಿ ಬೆಂಗಳೂರು 82ಕ್ಕೆ ಆಲೌಟ್ ಆಯಿತಲ್ಲ, ಅವತ್ತು ನಮ್ಮ ಕಡೆ ಜಾಸ್ತಿ ರನ್ ಮಾಡಿದ್ದು ಎಕ್ಸ್‌ಟ್ರಾಸ್, ಅಂದರೆ ಎದುರಾಳಿ ಬಿಟ್ಟಿ ಕೊಟ್ಟ ರನ್. ಅಷ್ಟಾದರೂ ನಮ್ಮವರು ಅಂತ ಒಪ್ಪಿಕೊಂಡೆವು. 2025ರ ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ದೆಹಲಿ ಪರವಾಗಿ 93 ಹೊಡೆದು, ಆರ್‌ಸಿಬಿಯನ್ನು ಚಿನ್ನಸ್ವಾಮಿಯಲ್ಲೇ ಸೋಲಿಸಿ, ಬ್ಯಾಟಿನಿಂದ ನೆಲದಲ್ಲಿ ವೃತ್ತ ಎಳೆದು ಇದು ನನ್ನ ಜಾಗ ಅಂತ ಎದೆ ತಟ್ಟಿಕೊಂಡರು. ನಮ್ಮ ಹುಡುಗ, ನಮ್ಮ ಗ್ರೌಂಡು, ಸೋತಿದ್ದೂ ನಾವೇ. ನಾನು ಅರ್ಧ ಚಪ್ಪಾಳೆ ಹೊಡೆದು ಸುಮ್ನೆ ಕೂತೆ.

ಈಗ ಆಂಟೆನಾ ಇಲ್ಲ. ಮೊಬೈಲ್ ಆ್ಯಪ್‌ನಿಂದ ಟಿವಿಗೆ ಹಾಕಿಕೊಂಡು ನೋಡುತ್ತೇವೆ. ಚಿತ್ರ ಎಷ್ಟು ಚೆಂದ ಅಂದರೆ ಬೌಲರ್ ಗಡ್ಡದ ಬೆವರೂ ಕಾಣುತ್ತದೆ. ಆದರೆ ನಮ್ಮ ಮನೆಗೆ ಅದು ಬರೋದು ಮೇಲಿನ ಮನೆಗಿಂತ ಸುಮಾರು ಅರ್ಧ ನಿಮಿಷ ತಡವಾಗಿ. ಅಲ್ಲಿನ ಬ್ಯಾಚುಲರ್ ಹುಡುಗರು ನೆಲ ಗುದ್ದಿದರೆ ಸಿಕ್ಸರ್, ಕುರ್ಚಿ ಎಳೆದರೆ ವಿಕೆಟ್. ನಮ್ಮ ಪರದೆಯಲ್ಲಿ ಬೌಲರ್ ಇನ್ನೂ ಓಡಲು ಶುರು ಮಾಡಿರುವುದಿಲ್ಲ.

ಅಪ್ಪನಿಗೆ ಕಿವಿ ಮಂದ. ಮೇಲಿನ ಸದ್ದು ಅವರಿಗೆ ಕೇಳಿಸದು. 2024ರ ಟಿ20 ವಿಶ್ವಕಪ್ ಫೈನಲ್ಲಿನ ಕೊನೇ ಓವರ್, ದಕ್ಷಿಣ ಆಫ್ರಿಕಾಕ್ಕೆ 16 ಬೇಕು. ಅಪ್ಪ ಹಳೇ ಪದ್ಧತಿಯಂತೆ ರಿಮೋಟ್ ಕೈಗೆ ತಗೊಂಡರು. ಅಷ್ಟರಲ್ಲಿ ಮೇಲೆ ಕುರ್ಚಿ ಎಳೆದ ಸದ್ದಲ್ಲ, ಬೀರುವೇ ಬಿದ್ದ ಸದ್ದು. "ತಡೀರಿ, ಮಿಲ್ಲರ್ ಔಟಾಗ್ತಾನೆ" ಎಂದೆ. ಮಿಲ್ಲರ್ ಎತ್ತಿ ಹೊಡೆದ. ಬೌಂಡರಿ ಗೆರೆ ಹತ್ತಿರ ಸೂರ್ಯಕುಮಾರ್ ಬಾಲನ್ನು ಒಳಗೆ ತೂರಿ, ತಾನು ಆಚೆ ಹೋಗಿ, ಮತ್ತೆ ಈಚೆ ಬಂದು ಹಿಡಿದ. ಅಪ್ಪ ನನ್ನ ಕಡೆ ತಿರುಗಿ ನೋಡಿದ ಆ ಮರ್ಯಾದೆಯ ನೋಟ ನನಗೆ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಸಿಕ್ಕಿರಲಿಲ್ಲ. "ಇಷ್ಟೆಲ್ಲ ಗೊತ್ತಿದ್ದೂ ಆಫೀಸಲ್ಲಿ ಯಾಕಪ್ಪ ಕೊಳೀತಿದೀಯ?" ಎಂದರು.

ಭಾರತ ಏಳು ರನ್ನಿನಿಂದ ಗೆದ್ದಿತು. ಆಮೇಲೆ ಕೋಚ್ ಕೈಗೆ ಕಪ್ ಕೊಟ್ಟರು. ಆತ ಅದನ್ನೆತ್ತಿ ನರ ಉಬ್ಬಿಸಿ, ಬಾಯಿ ಅಗಲಿಸಿ ಕಿರುಚಿದ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

"ಯಾರೋ ಇವನು? ನೋಡಕ್ಕೆ ಥೇಟ್ ನಮ್ಮ ದ್ರಾವಿಡ್ ಥರಾನೇ ಇದಾನೆ!"