ಇಪ್ಪತ್ತೆಂಟು ಸ್ಲೈಡು, ಒಂದು ಸ್ಟಾರ್ಟರು

ಮಧ್ಯಾಹ್ನ ಎರಡೂವರೆ. ಹುಬ್ಬಳ್ಳಿಯ ಬಿಸಿಲು ಸೆಮಿನಾರ್ ಹಾಲಿನ ಪರದೆ ಸೀಳಿ ಪ್ರೊಜೆಕ್ಟರಿನ ಮೇಲೆ ಬಿದ್ದಿದೆ. ಇಲೆಕ್ಟ್ರಿಕಲ್ಲಿನ ಕೊನೇ ವರ್ಷದ ಹುಡುಗ ತನ್ನ ಪ್ರಾಜೆಕ್ಟಾದ ಮೋಟಾರ್ ಸ್ಟಾರ್ಟರಿನ ಬಗ್ಗೆ ಹೇಳಲು ಮೈಕು ಹಿಡಿದು, “ಗುಡ್ ಮಾರ್ನಿಂಗ್ ಟು ಒನ್ ಆ್ಯಂಡ್ ಆಲ್, ಮೈಸೆಲ್ಫ್ ಇಂಥವ” ಅಂತ ಶುರು ಮಾಡುತ್ತಾನೆ.

ಈ ಮೈಸೆಲ್ಫ್ ಎಲ್ಲ ಸೆಮಿಸ್ಟರ್ ದಾಟಿ ಬಂದ ಹಳೇ ಬ್ಯಾಕ್‌ಲಾಗ್. ಕನ್ನಡದಲ್ಲಿ ‘ನಾನು ಇಂಥವ’ ಅಂದರೆ ಮುಗೀತು, ಕ್ರಿಯಾಪದದ ಹಂಗಿಲ್ಲ. ಇಂಗ್ಲಿಷಿಗೆ ‘ಆ್ಯಮ್’ ಬೇಕು. ಬರೀ ‘ಐ’ ಅಂದರೆ ಅಂಗಿ ಇಲ್ಲದೆ ನಿಂತಂತಾಗಿ, ಹುಡುಗ ಮೈಸೆಲ್ಫ್ ಎಂಬ ಕೋಟು ಹಾಕಿಕೊಳ್ಳುತ್ತಾನೆ. ಹೋಗಲಿ, ಅದು ಕ್ಷಮಿಸಬಹುದಾದ ಕೋಟು.

ಕ್ಷಮಿಸಲಾಗದ್ದು ಸ್ಲೈಡು. ಸಮಯ 10 ನಿಮಿಷ, ಸ್ಲೈಡು 28. ತಲಾ 21 ಸೆಕೆಂಡು ಬಂತು. ನಿಮಿಷಕ್ಕೆ 130 ಶಬ್ದ ಹಿಡಿದರೂ ಅಷ್ಟರಲ್ಲಿ ಆಡಲಾಗುವುದು 45. ಸ್ಲೈಡಿನ ಮೇಲಿರುವುದು 110, ಅದೂ 14ರ ಅಕ್ಷರದಲ್ಲಿ. ಮೂರನೇ ಬೆಂಚಿನಿಂದಾಚೆ ಅದು ಅಕ್ಷರವಲ್ಲ, ಸಾಲುಗಟ್ಟಿದ ಇರುವೆ. ಹುಡುಗನಿಗೂ ಕಾಣುವುದಿಲ್ಲ. ಹಾಗಾಗಿ ತಿರುಗಿ ನಿಲ್ಲುತ್ತಾನೆ. ಅಲ್ಲಿಂದ ಮುಂದೆ ಸಭೆಗೆ ದಕ್ಕುವುದು ಅವನ ಬೆನ್ನು. ಬಾಯಿ ಗೋಡೆಯ ಕಡೆ, ಮೈಕು ಹೊಟ್ಟೆಯ ಹತ್ತಿರ. ಆಗಾಗ ‘ಸ್’ ‘ಸ್’ ಅಂತ ಕುಕ್ಕರ್ ಸದ್ದು ಮಾತ್ರ ಕೇಳುತ್ತದೆ. ‘ಕಂಟೆಂಟ್ಸ್’ ಸ್ಲೈಡನ್ನಂತೂ ಪಾರಾಯಣದಂತೆ ಓದಲೇಬೇಕು, ಹನ್ನೆರಡನೇ ಅಂಶವಾದ ‘ಥ್ಯಾಂಕ್ ಯೂ’ ಸಮೇತ. ಒಂಬತ್ತನೇ ಸ್ಲೈಡಿಗೆ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಆಮೇಲೆ “ನೆಕ್ಸ್ಟ್, ನೆಕ್ಸ್ಟ್”. ಲ್ಯಾಪ್‌ಟಾಪಿನ ಮುಂದೆ ಕೂತ ಗೆಳೆಯ ಗುಂಡಿ ಒತ್ತಿ ಒತ್ತಿ ನೇರ ಥ್ಯಾಂಕ್ ಯೂಗೆ ಹೋಗಿ ಬಿದ್ದು, ನಾಚಿಕೊಂಡು ಹಿಂದೆ ಬರುತ್ತಾನೆ. ನಾಲ್ಕು ಹುಡುಗರು ತಿಂಗಳುಗಟ್ಟಲೆ ಬೆಸುಗೆ ಹಾಕಿ ಕೈ ಸುಟ್ಟುಕೊಂಡ ಸರ್ಕ್ಯೂಟಿನ ಚಿತ್ರ ಈ ಗದ್ದಲದಲ್ಲಿ ಮಿಂಚಿ ಮಾಯ. ಕಣ್ಣು ತೆರೆದು ನೋಡಬೇಕಾದ ಸ್ಲೈಡು ಅದೊಂದೇ ಇತ್ತು!

“ಸ್ಟಾರ್-ಡೆಲ್ಟಾ ಯಾಕಪಾ?” ಅಂತ ಪರೀಕ್ಷಕರು ಕೇಳುತ್ತಾರೆ.

“ಬೇಸಿಕಲಿ ಸರ್... ಟು ರೆಡ್ಯೂಸ್ ಸ್ಟಾರ್ಟಿಂಗ್ ಕರೆಂಟ್ ಸರ್.”

“ಹೆಂಗ?”

“ಬೇಸಿಕಲಿ ಸರ್...”

ಗೊತ್ತಿಲ್ಲ ಅಂತಲ್ಲ. ಸ್ಟಾರ್-ಡೆಲ್ಟಾ ಅಂದರೆ ಮೋಟಾರಿನ ಸುರುಳಿಗಳನ್ನು ಮೊದಲು ಸ್ಟಾರ್ ಎಂಬ ಜೋಡಣೆಯಲ್ಲಿ ಎಬ್ಬಿಸಿ, ವೇಗ ಬಂದ ಮೇಲೆ ಡೆಲ್ಟಾ ಜೋಡಣೆಗೆ ಬದಲಿಸುವ ಸ್ಟಾರ್ಟರು. ಸ್ಟಾರಿನಲ್ಲಿ ಒಂದೊಂದು ಸುರುಳಿಗೆ 415 ವೋಲ್ಟಿನ ಬದಲು 240 ಬೀಳುತ್ತದೆ, ಲೈನಿನ ಕರೆಂಟು ಮೂರರಲ್ಲೊಂದಾಗುತ್ತದೆ. ತಿರುಗಿಸುವ ಬಲವೂ ಅಷ್ಟೇ ಇಳಿಯುವುದರಿಂದ ಭಾರ ಹೆಚ್ಚಿದ್ದರೆ ಮೋಟಾರು ಏಳುವುದಿಲ್ಲ. ಇದೆಲ್ಲ ಅವನ ತಲೆಯಲ್ಲಿದೆ. ಹತ್ತು ಎಚ್‌ಪಿ ಮೋಟಾರನ್ನು ಮೆಲ್ಲಗೆ ಎಬ್ಬಿಸಬೇಕು ಅಂತ ಪ್ರಾಜೆಕ್ಟ್ ಮಾಡಿದವನು ತನ್ನ ಗಂಟಲನ್ನು ಮಾತ್ರ ನೇರ ಲೈನಿಗೆ ಹಚ್ಚಿರುತ್ತಾನೆ. ಟ್ರಿಪ್ ಆಗದೆ ಇನ್ನೇನು? ಏಳು ಸ್ಲೈಡು ಸಾಕಿತ್ತು, 24ಕ್ಕಿಂತ ಸಣ್ಣಕ್ಷರ ಬೇಡವಿತ್ತು. ‘ಈ ಡಬ್ಬಿ ಮೋಟಾರು ಸುಡದಂತೆ ನೋಡಿಕೊಳ್ಳುತ್ತದೆ’ ಅಂತ ಮೊದಲ ವಾಕ್ಯ ಹೇಳಿ ಉಸಿರು ತಗೊಂಡಿದ್ದರೆ, ಹಿಂದಿನ ರಾತ್ರಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮೂರು ಸಲ ಕೇಳಿಕೊಂಡಿದ್ದರೆ... ಆದರೆ ಹಿಂದಿನ ರಾತ್ರಿ ಈ ಹುಡುಗರು ಮಾಡುವುದು ಸ್ಲೈಡಿನ ಹಿನ್ನೆಲೆಗೆ ಬಣ್ಣ ಆರಿಸುವ ಕೆಲಸ.

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗ ಇವನು. ನವೆಂಬರ್ 1ಕ್ಕೆ ಊರ ಶಾಲೆಯ ಕಟ್ಟೆ ಹತ್ತಿ, ಕೈಯಲ್ಲಿ ಚೀಟಿ ಇಲ್ಲದೆ ಕಿತ್ತೂರು ಚೆನ್ನಮ್ಮನ ಮೇಲೆ ಮಾತಾಡಿ ಸ್ಟೀಲಿನ ತಾಟು ಗೆದ್ದವನು. ಆ ತಾಟಿನಲ್ಲಿ ಮನೆಯಲ್ಲಿ ಇನ್ನೂ ಊಟ ಮಾಡುತ್ತಾರೆ.

“ಎನಿ ಕ್ವಶ್ಚನ್ಸ್?” ಯಾರೂ ಕೇಳುವುದಿಲ್ಲ. ಎಲ್ಲರಿಗೂ ಚಹಾ ಬೇಕಾಗಿದೆ.

ಸಂಜೆ ಧಾರವಾಡದ ಕಡೆ ಹೊರಟ ಚಿಗರಿ ಬಸ್ಸಿನಲ್ಲಿ ಅದೇ ಹುಡುಗ ಫೋನ್ ಹಿಡಿದು ನಿಂತಿದ್ದಾನೆ. “ಅಪ್ಪಾ, ಗಡಿಬಿಡಿ ಮಾಡಬ್ಯಾಡ. ಸ್ಟಾರ್ಟರ್ ಮ್ಯಾಲೆ ಕೆಂಪು, ಹಳದಿ, ನೀಲಿ ಮೂರೂ ದೀಪ ಹತ್ತ್ಯಾವೇನ್ ನೋಡು. ನೀಲಿ ಇಲ್ಲ? ಹಂಗಾರ ಬಟನ್ ಒತ್ತಬ್ಯಾಡ. ಒಂದು ಫೇಸ್ ಹೋಗೇತಿ. ಎರಡರ ಮ್ಯಾಲೆ ಹಾಕಿದ್ರ ಮೋಟಾರ್ ಗುಂಯ್ ಅಂತೈತಿ, ಏಳಂಗಿಲ್ಲ, ಸುಟ್ಟು ಹೊಕ್ಕೈತಿ. ಮೇನ್ ಬಂದ್ ಮಾಡು, ಲೈನ್‌ಮನ್‌ಗೆ ಫೋನ್ ಹಚ್ಚು.”

ಉಣಕಲ್ ಬರುವ ಹೊತ್ತಿಗೆ ಪಕ್ಕದ ಸೀಟಿನ ಧೋತರದ ಹಿರಿಯರು ಅವನ ತೋಳು ತಟ್ಟಿದರು: “ತಮ್ಮಾ, ನಮ್ಮದು ಏಳೂವರೆ ಎಚ್‌ಪಿ ಐತಿ. ದೀಪ ಮೂರೂ ಹತ್ತತಾವ, ಆದ್ರೂ ಏಳವಲ್ದು. ಅದಕೇನ್ ಮಾಡೂದು?”